ಒಂದು ಖಡಕ್ ರೊಟ್ಟಿಗೆ 9 ರೂಪಾಯಿ ಬೀಳುತ್ತಿದೆಯಂತೆ, ನಿಜವಾ? ತಯಾರಿಕಾ ವೆಚ್ಚ ಗೊತ್ತಿದ್ದವರು ಹೇಳಿ

ರೊಟ್ಟಿಮನೆ, ಕಲಬುರಗಿ:

ಎಲ್ಲರಿಗೂ ನಮಸ್ಕಾರ. ಆಳಂದ ರಸ್ತೆ ಕಡೆ ಒಂದು ಶೆಡ್ ಬಾಡಿಗೆ ಹಿಡಿದು ಖಡಕ್ ರೊಟ್ಟಿ ಮಾಡಿ ಮಾರುತ್ತೇನೆ. ಐದು ಜನ ಹೆಣ್ಣುಮಕ್ಕಳು ರೊಟ್ಟಿ ಬಡಿಯುತ್ತಾರೆ. ಉಳಿದದ್ದೆಲ್ಲ ನಾನು ಮತ್ತು ನಮ್ಮ ಅತ್ತೆ ನೋಡಿಕೊಳ್ಳುತ್ತೇವೆ. ರೊಟ್ಟಿ ಮಷಿನ್ ತರೋಣ ಅಂತ ಬ್ಯಾಂಕಿಗೆ ಹೋಗಿದ್ದೆ, ಸಣ್ಣ ಆಹಾರ ಉದ್ಯಮಗಳಿಗೆ ಕೇಂದ್ರ ಸರ್ಕಾರದ ಪಿಎಂಎಫ್‌ಎಂಇ ಯೋಜನೆಯಲ್ಲಿ ಶೇಕಡಾ 35 ಸಹಾಯಧನ ಇದೆ ಅಂದಿದ್ದರು, ಅದಕ್ಕೆ. ಅಲ್ಲಿ ಮೊದಲು ಕೇಳಿದ್ದೇ ಇದು: ಒಂದು ರೊಟ್ಟಿ ತಯಾರಾಗಲು ನಿಮಗೆ ಎಷ್ಟು ಬೀಳುತ್ತೆ? ಐದು ಚಿಲ್ಲರೆ ಇರಬಹುದು ಸರ್ ಅಂದೆ. ಇರಬಹುದು ಅಂದರೆ ಆಗಲ್ಲಮ್ಮ, ಬರೆದು ತನ್ನಿ ಅಂದರು.

ಮನೆಗೆ ಬಂದು ಮೈದುನನ ಕೈಯಲ್ಲಿ ಮಾರ್ಚ್ ತಿಂಗಳ ಲೆಕ್ಕ ಹಾಕಿಸಿದೆ. ಜೋಳ 82,000 (ಸುಗ್ಗಿಯಲ್ಲಿ ಒಳ್ಳೆ ಬಿಳಿಜೋಳ ಸಿಕ್ಕಿತು ಅಂತ ಒಟ್ಟಿಗೆ 20 ಚೀಲ ಹಾಕಿಸಿಬಿಟ್ಟೆ, ಹಮಾಲಿ, ಟೆಂಪೋ ಸೇರಿ), ರೊಟ್ಟಿ ಬಡಿಯುವವರ ಕೂಲಿ 35,000, ಗಿರಣಿಗೆ 3,600, ಗ್ಯಾಸ್ 6 ಸಿಲಿಂಡರ್ 10,800, ಶೆಡ್ ಬಾಡಿಗೆ 6,000, ಕಸ ಹೊಡೆದು ನೀರು ತುಂಬಿ ರೊಟ್ಟಿ ಎಣಿಸಿಡುವ ಒಬ್ಬ ಅಮ್ಮ ಇದ್ದಾರೆ ಅವರಿಗೆ 6,000, ಕರೆಂಟ್ ಮತ್ತು ಟ್ಯಾಂಕರ್ ನೀರು 1,700, ಬರ್ನರ್ ರಿಪೇರಿ ಗಿಪೇರಿ 500, ಕೊರಿಯರ್ ಮತ್ತು ಡಬ್ಬಿ 5,000, ಮೆಸ್‌ಗಳಿಗೆ ಮುಟ್ಟಿಸುವ ಆಟೋ 3,000, ಹಳೇ ಸಾಲದ ಕಂತು 4,000. ಒಟ್ಟು 1,57,600. ಆ ತಿಂಗಳು ಬಡಿದದ್ದು 17,500 ರೊಟ್ಟಿ. ಭಾಗಿಸಿದರೆ 9 ರೂಪಾಯಿ!

ನಾನು ಮೆಸ್‌ಗಳಿಗೆ ಕೊಡುವುದು 6ಕ್ಕೆ. ಅಂಗಡಿಯಲ್ಲಿ, ಪಾರ್ಸಲ್‌ನಲ್ಲಿ 7. ಹಾಗಾದರೆ ಇಷ್ಟು ದಿನ ಊರಿಗೆಲ್ಲ ದಾಸೋಹ ಮಾಡಿದೆನಾ? ವಿಚಿತ್ರ ಏನಂದರೆ ಫೆಬ್ರವರಿ ಲೆಕ್ಕ ಅವನೇ ಹಾಕಿದಾಗ ನಾಲ್ಕೂಕಾಲು ರೂಪಾಯಿ ಬಂದಿತ್ತು. ಅದೇ ಕೈ, ಅದೇ ಹಂಚು, ಅದೇ ರೊಟ್ಟಿ. ಒಂದು ತಿಂಗಳಲ್ಲಿ ಎರಡು ಪಟ್ಟು ಹೇಗಾಗುತ್ತೆ?

ದಾಲ್‌ಮಿಲ್ ಗುಮಾಸ್ತ:

ಅಕ್ಕಾರೆ, ಗಾಬರಿ ಬೇಡ. ನಿಮ್ಮ ಮೈದುನ ದುಡ್ಡು ಹೋದದ್ದು ಬರೆದಿದ್ದಾನೆ, ಜೋಳ ಹೋದದ್ದು ಬರೆದಿಲ್ಲ. 20 ಚೀಲ ತಂದಿರಿ ಸರಿ, ಮಾರ್ಚ್‌ನಲ್ಲೇ 20 ಚೀಲ ರೊಟ್ಟಿ ಆಯಿತಾ? ಇಲ್ಲ ಅಲ್ವಾ. ಫೆಬ್ರವರಿಯಲ್ಲಿ ಏನೂ ಖರೀದಿ ಇರಲಿಲ್ಲ ಅನಿಸುತ್ತೆ, ಅದಕ್ಕೇ ನಾಲ್ಕೂಕಾಲು. ಆ ತಿಂಗಳು ಜೋಳವೇ ಇಲ್ಲದೆ ರೊಟ್ಟಿ ಬಡಿದ ಹಾಗೆ ಲೆಕ್ಕ ಬಂತು.

ನಾನು ಇಲ್ಲಿ ಒಂದು ಬೇಳೆ ಗಿರಣಿಯಲ್ಲಿ ಲೆಕ್ಕ ಬರೆಯುತ್ತೇನೆ. ಡಿಸೆಂಬರ್, ಜನವರಿಯಲ್ಲಿ ತೊಗರಿ ಬಂದಾಗ ಮಾಲೀಕರು ಗೋದಾಮು ತುಂಬಿಸುತ್ತಾರೆ, ಅದು ತಿಂಗಳುಗಟ್ಟಲೆ ಓಡುತ್ತೆ. ಖರೀದಿಯನ್ನೇ ವೆಚ್ಚ ಅಂತ ಹಿಡಿದರೆ ಜನವರಿಯಲ್ಲಿ ದಿವಾಳಿ, ಜೂನ್‌ನಲ್ಲಿ ಕೋಟ್ಯಧೀಶ. ಆದ್ದರಿಂದ ಮೊದಲು ಇದು ಹೇಳಿ: ಮಾರ್ಚ್ 1ಕ್ಕೆ ಮನೆಯಲ್ಲಿ ಹಳೇ ಜೋಳ ಎಷ್ಟಿತ್ತು, ಯಾವ ದರದ್ದು? ಮಾರ್ಚ್ 31ಕ್ಕೆ ಶಿಲ್ಕು ಎಷ್ಟು?

ರೊಟ್ಟಿಮನೆ, ಕಲಬುರಗಿ:

ಹಳೇದು 2 ಚೀಲ ಇತ್ತು (ಚೀಲಕ್ಕೆ ಒಂದು ಕ್ವಿಂಟಲ್), ಕ್ವಿಂಟಲ್‌ಗೆ 4,000ದ್ದು. ಹೊಸದೂ 4,000ವೇ, ಮೇಲೆ ಹಮಾಲಿ, ಟೆಂಪೋ 2,000. ತಿಂಗಳ ಕೊನೆಗೆ 13 ಚೀಲ ಉಳಿದಿದೆ. ಮೂಲೆಯಲ್ಲಿ ಒಟ್ಟಿದ್ದೇವೆ, ತೂಕ ಮಾಡಿಲ್ಲ, ಚೀಲ ಎಣಿಸಿ ಹೇಳುತ್ತಿದ್ದೇನೆ.

ದಾಲ್‌ಮಿಲ್ ಗುಮಾಸ್ತ:

ಸರಿ. ಹಮಾಲಿ, ಟೆಂಪೋ ಜೋಳದ ಬೆಲೆಗೇ ಸೇರುತ್ತೆ, ಮಾಲು ನಿಮ್ಮ ಬಾಗಿಲಿಗೆ ಬರೋವರೆಗಿನ ಖರ್ಚು ಅದು. ಹಾಗಾಗಿ ಹೊಸ ಜೋಳ ಕ್ವಿಂಟಲ್‌ಗೆ 4,100 ಬಿತ್ತು.

ಆರಂಭದಲ್ಲಿದ್ದದ್ದು 8,000, ಅದಕ್ಕೆ ಖರೀದಿ 82,000 ಕೂಡಿಸಿ, 90,000. ಉಳಿದ 13 ಚೀಲ, 4,100ರಂತೆ 53,300 ಕಳೆಯಿರಿ. 36,700. ಮಾರ್ಚ್ ತಿಂಗಳ ರೊಟ್ಟಿಗೆ ಹೋದ ಜೋಳ ಇಷ್ಟೇ. ಹಳೇ ಚೀಲ ಮೊದಲು ಖಾಲಿ ಮಾಡಿದಿರಿ ಅಂತ ಹಿಡಿದಿದ್ದೇನೆ. 82,000 ಎಲ್ಲಿ, 36,700 ಎಲ್ಲಿ.

ಕಾಮರ್ಸ್ ಮೇಷ್ಟ್ರು:

ಗುಮಾಸ್ತರು ಅರ್ಧ ಕೆಲಸ ಮುಗಿಸಿದ್ದಾರೆ, ಉಳಿದದ್ದು ನಾನು ಹೇಳುತ್ತೇನೆ.

ಒಟ್ಟು ತಯಾರಿಕಾ ವೆಚ್ಚಕ್ಕೆ ಮೂರೇ ಬಾಗಿಲು. ರೊಟ್ಟಿಯೊಳಗೆ ಸೇರಿದ ಮಾಲು, ರೊಟ್ಟಿಗೆ ಕೈ ಹಚ್ಚಿದವರ ಕೂಲಿ ಮತ್ತು ಅಂಥ ನೇರ ಖರ್ಚು, ಮತ್ತು ಶೆಡ್ ನಡೆಯಲು ಬೇಕಾದ ಉಳಿದ ಖರ್ಚು, ಅಂದರೆ ಓವರ್‌ಹೆಡ್. ಈ ಮೂರರಲ್ಲಿ ಸೇರದೇ ಇರೋದು ರೊಟ್ಟಿಯ ವೆಚ್ಚ ಅಲ್ಲ, ಬೇರೆ ಏನೋ.

ಕೂಲಿ 35,000. ರೊಟ್ಟಿಗೆ 2 ರೂಪಾಯಿಯಂತೆ ಕೊಡುತ್ತೀರಿ ಅಂತ ಲೆಕ್ಕದಲ್ಲೇ ಕಾಣುತ್ತೆ, ಅದು ನೇರ ಕೂಲಿ, ವಾದವೇ ಇಲ್ಲ. ಗಿರಣಿಯ 3,600 ಕೂಡ ನೇರ ಖರ್ಚು, ಬೀಸದೆ ರೊಟ್ಟಿ ಇಲ್ಲ. ಕಸ ಹೊಡೆಯುವ ಅಮ್ಮನ 6,000 ನೇರ ಕೂಲಿ ಅಲ್ಲ, ಅದು ಓವರ್‌ಹೆಡ್. ಅವರಿಲ್ಲದೆ ಶೆಡ್ ನಡೆಯಲ್ಲ ನಿಜ, ಆದರೆ ಇಂಥ ರೊಟ್ಟಿಗೆ ಇಷ್ಟು ಅಂತ ತೋರಿಸಲಾಗದು. ಗ್ಯಾಸ್ 10,800, ಕರೆಂಟ್ ಮತ್ತು ನೀರು 1,700, ರಿಪೇರಿ 500 ಎಲ್ಲ ಓವರ್‌ಹೆಡ್ಡೇ.

ಈಗ ಬಾಡಿಗೆ. ಶೆಡ್ಡಿನ ಮುಂದೆ ಅಂಗಡಿ ಕೌಂಟರ್ ಇದೆಯಾ? ಇದ್ದರೆ ಅಷ್ಟು ಜಾಗದ ಬಾಡಿಗೆ ಮಾರಾಟದ ಖರ್ಚು. ಕೊರಿಯರ್, ಆಟೋ ಕೂಡ ಮಾರಾಟದ್ದು, ರೊಟ್ಟಿ ತಯಾರಾಗಿ ಡಬ್ಬಿ ಸೇರಿದ ಮೇಲಿನ ಕಥೆ ಅದು. ಸಾಲದ ಕಂತಂತೂ ಇಲ್ಲಿ ಬರಲೇಬಾರದು. ಕಂತಿನಲ್ಲಿ ಅಸಲು ಅಂದರೆ ಇಸಿದುಕೊಂಡ ದುಡ್ಡು ವಾಪಸ್ ಕೊಡೋದು, ಅದು ವೆಚ್ಚವೇ ಅಲ್ಲ. ಬಡ್ಡಿ ಖರ್ಚು ಹೌದು, ಆದರೆ ಅದು ಹಣಕಾಸಿನ ಖರ್ಚು, ತಯಾರಿಕೆಯದ್ದಲ್ಲ.

ಒಂದು ಮಾತ್ರ ನಿಮ್ಮ ಪಟ್ಟಿಯಲ್ಲಿ ಇಲ್ಲ. ಆ ಸಾಲದಲ್ಲಿ ಏನು ತಂದಿರಿ?

ರೊಟ್ಟಿಮನೆ, ಕಲಬುರಗಿ:

ದೊಡ್ಡ ಬರ್ನರ್‌ಗಳು, ಹಂಚು, ಸ್ಟೀಲ್ ಟೇಬಲ್, ಪರಾತ. 60,000 ಆಯಿತು ಸರ್. ಐದು ವರ್ಷ ಬಾಳಿಕೆ ಬರುತ್ತೆ ಅಂದಿದ್ದರು. ಕೌಂಟರ್ ಇದೆ, ಶೆಡ್ಡಿನ ಕಾಲು ಭಾಗ.

ಕಾಮರ್ಸ್ ಮೇಷ್ಟ್ರು:

ಹಾಗಾದರೆ ಸವಕಳಿ, ಅಂದರೆ ಸಾಮಾನು ಸವೆಯುವ ಬಾಬ್ತು, 60,000ವನ್ನು 60 ತಿಂಗಳಿಗೆ ಹಂಚಿದರೆ ತಿಂಗಳಿಗೆ 1,000. ಇದು ಕೈಯಿಂದ ಹೋಗೋ ದುಡ್ಡಲ್ಲ, ಅದಕ್ಕೇ ಎಲ್ಲರೂ ಮರೆಯೋದು. ಬಾಡಿಗೆಯಲ್ಲಿ 4,500 ತಯಾರಿಕೆಗೆ, 1,500 ಮಾರಾಟಕ್ಕೆ.

ಓವರ್‌ಹೆಡ್ ಎಲ್ಲ ಕೂಡಿಸಿದರೆ 24,500.
ಜೋಳ 36,700 + ಕೂಲಿ 35,000 + ಗಿರಣಿ 3,600 + ಓವರ್‌ಹೆಡ್ 24,500 = 99,800.

ಇದು ನಿಮ್ಮ ಮಾರ್ಚ್ ತಿಂಗಳ ಒಟ್ಟು ತಯಾರಿಕಾ ವೆಚ್ಚ. 17,500ರಿಂದ ಭಾಗಿಸಿ, 5 ರೂಪಾಯಿ 70 ಪೈಸೆ. ಬ್ಯಾಂಕಿನಲ್ಲಿ ನೀವು ಐದು ಚಿಲ್ಲರೆ ಅಂದದ್ದು ಸುಳ್ಳಲ್ಲ, ಚಿಲ್ಲರೆ ಸ್ವಲ್ಪ ಜಾಸ್ತಿ ಅಷ್ಟೇ.

ಬಿಕಾಂ ಹುಡುಗ, ಯಾದಗಿರಿ:

ಸರ್, ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಮ್ಮ ಪುಸ್ತಕದಲ್ಲಿ ಕಾಸ್ಟ್ ಶೀಟ್ (ವೆಚ್ಚದ ಪಟ್ಟಿ) ಅಂದರೆ ಪ್ರೈಮ್ ಕಾಸ್ಟ್, ವರ್ಕ್ಸ್ ಕಾಸ್ಟ್, ಕಾಸ್ಟ್ ಆಫ್ ಪ್ರೊಡಕ್ಷನ್ ಅಂತ ಬರುತ್ತೆ. ಯೂಟ್ಯೂಬ್‌ನಲ್ಲಿ ನೋಡಿದರೆ ಟೋಟಲ್ ಮ್ಯಾನುಫ್ಯಾಕ್ಚರಿಂಗ್ ಕಾಸ್ಟ್ ಅಂತಾರೆ, ಆಮೇಲೆ ಕಾಸ್ಟ್ ಆಫ್ ಗೂಡ್ಸ್ ಮ್ಯಾನುಫ್ಯಾಕ್ಚರ್ಡ್ ಅಂತ ಇನ್ನೊಂದು. ಎರಡೂ ಒಂದೇನಾ, ಬೇರೆನಾ? ನಾಡಿದ್ದು ಇಂಟರ್ನಲ್ಸ್ ಇದೆ, ತಲೆ ಕೆಟ್ಟುಹೋಗಿದೆ.

ಕಾಮರ್ಸ್ ಮೇಷ್ಟ್ರು:

ತಮ್ಮಾ, ನೀನು ನೋಡಿದ್ದು ಅಮೆರಿಕದ ಪಾಠ ಇರಬೇಕು. ನೀನು ಕೇಳಿದ ಎರಡೂ ಬೇರೆ ಬೇರೆ, ಆದರೆ ನಮ್ಮ ಪುಸ್ತಕಕ್ಕೂ ಅವರ ಪಾಠಕ್ಕೂ ಹೆಸರು ಮಾತ್ರ ಬೇರೆ, ಗಂಟು ಒಂದೇ. ನಮ್ಮಲ್ಲಿ ನೇರ ಮಾಲು, ನೇರ ಕೂಲಿ, ನೇರ ಖರ್ಚು ಸೇರಿ ಪ್ರೈಮ್ ಕಾಸ್ಟ್. ಅದಕ್ಕೆ ಫ್ಯಾಕ್ಟರಿ ಓವರ್‌ಹೆಡ್ ಕೂಡಿಸಿದರೆ ಗ್ರಾಸ್ ವರ್ಕ್ಸ್ ಕಾಸ್ಟ್. ಯೂಟ್ಯೂಬ್‌ನವರ ಟೋಟಲ್ ಮ್ಯಾನುಫ್ಯಾಕ್ಚರಿಂಗ್ ಕಾಸ್ಟ್ ಇದೇ. ಅರ್ಧ ತಯಾರಾದ ಮಾಲು ತಿಂಗಳ ಆರಂಭದಲ್ಲಿದ್ದದ್ದು ಕೂಡಿಸಿ, ಕೊನೆಯಲ್ಲಿರೋದು ಕಳೆದರೆ ನಮ್ಮ ವರ್ಕ್ಸ್ ಕಾಸ್ಟ್, ಅವರ ಕಾಸ್ಟ್ ಆಫ್ ಗೂಡ್ಸ್ ಮ್ಯಾನುಫ್ಯಾಕ್ಚರ್ಡ್. ಅಕ್ಕನ ಲೆಕ್ಕದಲ್ಲಿ ಪ್ರೈಮ್ ಕಾಸ್ಟ್ 75,300, ನೀನೇ ಕೂಡಿಸಿ ನೋಡು.

ಪರೀಕ್ಷೆಯಲ್ಲಿ ಹುಡುಗರು ಮಾರ್ಕ್ಸ್ ಕಳಕೊಳ್ಳೋದು ಒಂದೇ ಕಡೆ. ಪ್ರಶ್ನೆಯಲ್ಲಿ ಸೇಲ್ಸ್‌ಮನ್ ಪಗಾರ, ಜಾಹೀರಾತು, ಆದಾಯ ತೆರಿಗೆ ಎಲ್ಲ ಬೆರೆಸಿ ಕೊಟ್ಟಿರುತ್ತಾರೆ. ಸಿಕ್ಕಿದ್ದೆಲ್ಲ ಓವರ್‌ಹೆಡ್ಡಿಗೆ ತುರುಕುತ್ತಾರೆ. ತೆರಿಗೆ ಕಾಸ್ಟ್ ಶೀಟಿಗೆ ಬರೋದೇ ಇಲ್ಲ, ಉಳಿದೆರಡು ಕೊನೆಗೆ ಮಾರಾಟದ ಸಾಲಿನಲ್ಲಿ.

ಬಿಕಾಂ ಹುಡುಗ, ಯಾದಗಿರಿ:

ಥ್ಯಾಂಕ್ಸ್ ಸರ್. ಆದರೆ ಆ ಅರ್ಧ ತಯಾರಾದ ಮಾಲು ಅಂದರೆ ಏನು ಅಂತಾನೇ ಕಣ್ಣಿಗೆ ಕಟ್ಟಲ್ಲ. ಅರ್ಧ ರೊಟ್ಟಿನಾ?

ಬಿದ್ರಿ ಕೆಲಸದವನು, ಬೀದರ್:

ನಮ್ಮ ಕಾರ್ಖಾನೆಗೆ ಬಾರಪ್ಪ, ಎಲ್ಲ ಕಡೆ ಅರ್ಧ ಆದದ್ದೇ ಸಿಗುತ್ತೆ 😄

ಒಂದು ಹೂದಾನಿ ಅಂದುಕೋ. ಸತು 16 ಪಾಲು, ತಾಮ್ರ 1 ಪಾಲು ಕರಗಿಸಿ ಮಣ್ಣಿನ ಅಚ್ಚಿನಲ್ಲಿ ಎರಕ. ಆಮೇಲೆ ಅರ ಹಾಕಿ ನುಣುಪು ಮಾಡೋದು. ಮೈಲುತುತ್ತದ ನೀರು ಹಚ್ಚಿ ಕಪ್ಪು ಮಾಡಿ ಅದರ ಮೇಲೆ ಹೂಬಳ್ಳಿ ಬರೆದು ಉಳಿಯಿಂದ ಕೆತ್ತೋದು. ಕೆತ್ತಿದ ಗೀರಿನಲ್ಲಿ ಬೆಳ್ಳಿ ತಂತಿ ಬಡಿದು ಕೂರಿಸೋದು. ಕೊನೆಗೆ ಬೀದರ್ ಕೋಟೆಯ ಮಣ್ಣು, ನವಸಾಗರ ಕಲಸಿದ ನೀರಿನಲ್ಲಿ ಬಿಸಿ ಹೂದಾನಿ ಹಾಕಿದಾಗ ಮೈಯೆಲ್ಲ ಕಪ್ಪಾಗಿ ಬೆಳ್ಳಿ ಮಾತ್ರ ಹೊಳೆಯುತ್ತೆ. ತಿಂಗಳ ಕೊನೇ ದಿನ ನಮ್ಮಲ್ಲಿ ಕೆಲವು ಎರಕ ಆಗಿರುತ್ತವೆ, ಕೆಲವು ಕೆತ್ತನೆಯಲ್ಲಿ, ಕೆಲವಕ್ಕೆ ಬೆಳ್ಳಿ ಕೂತಿರುತ್ತೆ, ಬಣ್ಣ ಬಂದಿರಲ್ಲ. ಮಾರಲು ಬರಲ್ಲ, ಆದರೆ ದುಡ್ಡು ಒಳಗೆ ಕೂತಿದೆ.

ಉದಾಹರಣೆಗೆ ತಿಂಗಳ ಆರಂಭದಲ್ಲಿ ಹೀಗೆ ಅರ್ಧ ಆದದ್ದು 30,000ದ್ದು ಇತ್ತು. ಈ ತಿಂಗಳು ಲೋಹ, ಬೆಳ್ಳಿ, ಕೂಲಿ, ಇದ್ದಿಲು ಎಲ್ಲ ಸೇರಿ 90,000 ಹಾಕಿದೆವು. ಕೊನೆಯಲ್ಲಿ ಅರ್ಧ ಆದದ್ದು 45,000ದ್ದು ಉಳಿಯಿತು. ತಯಾರಿಕಾ ವೆಚ್ಚ 90,000, ತಯಾರಾಗಿ ಹೊರಗೆ ಬಂದ ಮಾಲಿನ ವೆಚ್ಚ 75,000. ಎರಡೂ ಒಂದೇ ಅಂತ ಹಿಡಿದು ದರ ಕಟ್ಟಿದರೆ ಗಿರಾಕಿ ಓಡಿಹೋಗುತ್ತಾನೆ.

ಮತ್ತೊಂದು, ಬೆಳ್ಳಿ ಚೂರು ನಾವು ಬಿಸಾಡಲ್ಲ. ಸಂಜೆ ಗುಡಿಸಿ ಇಡುತ್ತೇವೆ, ಕರಗಿಸಿ ಮತ್ತೆ ತಂತಿ ಎಳೆಯುತ್ತೇವೆ. ವಾಪಸ್ ಬಂದ ಬೆಳ್ಳಿ ಮಾಲಿನ ವೆಚ್ಚದಿಂದ ಕಳೆಯಬೇಕು. ನಮ್ಮ ಕಲೆಗೆ 2023ರಲ್ಲಿ ಪದ್ಮಶ್ರೀ ಬಂತು, ಊರೆಲ್ಲ ಕುಣಿದೆವು, ಆದರೆ ಬೆಳ್ಳಿ ಚೂರಿನ ಲೆಕ್ಕ ಇಡದವನು ಈ ಕಸುಬಿನಲ್ಲಿ ಒಂದು ವರ್ಷವೂ ಉಳಿಯಲ್ಲ.

ದಾಲ್‌ಮಿಲ್ ಗುಮಾಸ್ತ:

ಚೂರು ಅಂದಾಗ ನೆನಪಾಯಿತು. ಅಕ್ಕಾರೆ, 17,500 ಅಂದಿರಲ್ಲ, ಅದು ಬಡಿದದ್ದಾ, ಮಾರಲು ಬಂದದ್ದಾ? ಖಡಕ್ ರೊಟ್ಟಿ ಮುರಿಯದೇ ಇರುತ್ತಾ?

ರೊಟ್ಟಿಮನೆ, ಕಲಬುರಗಿ:

ಬಡಿದದ್ದು ಅಣ್ಣಾರೆ. ಕೂಲಿ ಅದರ ಮೇಲೇ. ಸುಮಾರು 500 ಮುರಿಯುತ್ತೆ. ಮುರುಕು ಕಟ್ಟಿ ಕೊಡುತ್ತೇವೆ, ಮಜ್ಜಿಗೆಯಲ್ಲಿ ನೆನೆಸಿ ತಿನ್ನೋಕೆ ಜನ ಒಯ್ಯುತ್ತಾರೆ. ಎಲ್ಲ ಸೇರಿ 1,000 ರೂಪಾಯಿ ಬರುತ್ತೆ.

ದಾಲ್‌ಮಿಲ್ ಗುಮಾಸ್ತ:

ನೋಡಿದಿರಾ. ನಮ್ಮಲ್ಲಿ 100 ಕ್ವಿಂಟಲ್ ತೊಗರಿಗೆ 70, 72 ಕ್ವಿಂಟಲ್ ಬೇಳೆ. ಉಳಿದದ್ದು ನುಚ್ಚು, ಚುನ್ನಿ, ಹೊಟ್ಟು. ದನದ ಮೇವಿಗೆ ಮಾರಿ ಬಂದ ದುಡ್ಡು ವೆಚ್ಚದಿಂದ ಕಳೆದು, ಉಳಿದದ್ದನ್ನು ಬೇಳೆಯ ಮೇಲೆ ಹಂಚುತ್ತೇವೆ. 100ರಿಂದ ಭಾಗಿಸಿದರೆ ಮಾಲೀಕರು ನನ್ನನ್ನು ಮನೆಗೆ ಕಳಿಸುತ್ತಾರೆ. 2019ರಲ್ಲಿ ಕಲಬುರಗಿ ತೊಗರಿಗೆ ಜಿಐ ಟ್ಯಾಗ್ ಬಂತಲ್ಲ, ಅದರಿಂದ ನುಚ್ಚೇನೂ ಕಮ್ಮಿ ಆಗಲಿಲ್ಲ.

ನಿಮ್ಮದು 99,800 ಕಳೆ 1,000, ಅಂದರೆ 98,800. ಗಟ್ಟಿ ರೊಟ್ಟಿ 17,000. ಒಂದಕ್ಕೆ 5 ರೂಪಾಯಿ 81 ಪೈಸೆ. ದಿನಾ ಇಷ್ಟು ಮುರಿಯೋದು ಸಹಜ, ಆದ್ದರಿಂದ ಅದರ ಭಾರ ಗಟ್ಟಿ ರೊಟ್ಟಿಯೇ ಹೊರಬೇಕು. ಆದರೆ ಒಂದು ದಿನ ಶೆಡ್ ಸೋರಿ ಸಾವಿರ ರೊಟ್ಟಿ ಮೆತ್ತಗಾದರೆ ಅದನ್ನು ಇಲ್ಲಿ ಸೇರಿಸಬೇಡಿ, ಬೇರೆ ನಷ್ಟ ಅಂತ ಬರೆಯಿರಿ.

ಹಳೇ ಅಡತಿ:

ಎಲ್ಲ ಓದಿದೆ. 81 ಪೈಸೆ, 70 ಪೈಸೆ ಅಂತ ಕಚ್ಚಾಡುವುದು ಬಿಡಿ. ಆಕೆ ಮೆಸ್‌ಗೆ 6ಕ್ಕೆ ಕೊಡುತ್ತಾಳೆ. 5.81ಕ್ಕೆ ಆಟೋ ಸೇರಿಸಿ. ತಂಗಿ, ಮೆಸ್‌ಗೆ ಎಷ್ಟು ರೊಟ್ಟಿ?

ರೊಟ್ಟಿಮನೆ, ಕಲಬುರಗಿ:

8,000. ಉಳಿದ 9,000 ಅಂಗಡಿ ಮತ್ತು ಪಾರ್ಸಲ್, ಬೆಂಗಳೂರು, ಪುಣೆ ಕಡೆ ಇರೋ ನಮ್ಮ ಊರಿನವರಿಗೆ.

ಹಳೇ ಅಡತಿ:

ಆಟೋ 3,000, 8,000 ರೊಟ್ಟಿಗೆ ಹಂಚಿದರೆ ಒಂದಕ್ಕೆ 37 ಪೈಸೆ ಚಿಲ್ಲರೆ. 6 ರೂಪಾಯಿ 19 ಪೈಸೆ ಬಿದ್ದ ಮಾಲನ್ನು 6ಕ್ಕೆ ಮಾರುತ್ತಿದ್ದೀಯ. ಮೂವತ್ತು ವರ್ಷ ಅಡತ್ ಅಂಗಡಿ ನಡೆಸಿದವನು ಹೇಳುತ್ತೇನೆ, ಮೆಸ್ ಇವತ್ತೇ ಬಂದ್ ಮಾಡು.

ಕಾಮರ್ಸ್ ಮೇಷ್ಟ್ರು:

ಅಣ್ಣಾರೆ, ನಿಮ್ಮ ಲೆಕ್ಕ ಸರಿ, ತೀರ್ಮಾನ ತಪ್ಪು. ಮೆಸ್ ಬಿಟ್ಟರೆ ಬಾಡಿಗೆ ಕಮ್ಮಿ ಆಗುತ್ತಾ? ಆ ಅಮ್ಮನ 6,000 ಉಳಿಯುತ್ತಾ? ಸವಕಳಿ ನಿಲ್ಲುತ್ತಾ? ಎಲ್ಲ ಹಾಗೇ ನಿಂತಿರುತ್ತೆ, ಆಗ ಅಷ್ಟೂ ಭಾರ ಉಳಿದ 9,000 ರೊಟ್ಟಿ ಮೇಲೆ ಬೀಳುತ್ತೆ.

ರೊಟ್ಟಿ ಹೆಚ್ಚಾದಂತೆ ಹೆಚ್ಚಾಗೋದು ಜೋಳ, ಕೂಲಿ, ಗಿರಣಿ, ಗ್ಯಾಸ್, ಇಷ್ಟೇ. ಒಟ್ಟು 86,100, ಮುರುಕಿನ 1,000 ಕಳೆದು 85,100. ಒಂದಕ್ಕೆ 5 ರೂಪಾಯಿ 1 ಪೈಸೆ. ಆಟೋ ಸೇರಿ 5.38. 6ಕ್ಕೆ ಕೊಟ್ಟರೆ ಒಂದೊಂದರಲ್ಲೂ 62 ಪೈಸೆ ಉಳಿಯುತ್ತೆ, ತಿಂಗಳಿಗೆ 4,950ರ ಹತ್ತಿರ. ಆ ದುಡ್ಡೇ ಬಾಡಿಗೆಯ ಮುಕ್ಕಾಲು ಪಾಲು ಕಟ್ಟುತ್ತಿದೆ. ದರ ಏರಿಸಲು ಕೇಳಿ, ಬಂದ್ ಮಾತ್ರ ಮಾಡಬೇಡಿ.

ಹಳೇ ಅಡತಿ:

ಸರಿ ಮೇಷ್ಟ್ರೆ, ಆ ಮಾತು ಒಪ್ಪಿದೆ. ಆದರೆ ಎಲ್ಲ ಗಿರಾಕಿಗೂ ಇದೇ ನ್ಯಾಯ ಹೇಳುತ್ತಾ ಹೋದರೆ ಬಾಡಿಗೆ ಕಟ್ಟುವವರು ಯಾರು?

ಕಾಮರ್ಸ್ ಮೇಷ್ಟ್ರು:

ಅದೂ ನಿಜ. ಅದಕ್ಕೇ ಎರಡೂ ಲೆಕ್ಕ ಬೇಕು. ಬ್ಯಾಂಕಿಗೆ 5.81 ಬರೆದು ಕೊಡಿ, ಮೆಸ್‌ನವರ ಮುಂದೆ ಕೂತಾಗ 5.38 ತಲೆಯಲ್ಲಿರಲಿ. ಕಾನೂನು ಪ್ರಕಾರ ಇದೆಲ್ಲ ಇಡಲೇಬೇಕು ಅಂತ ನಿಮಗಿಲ್ಲ. 2014ರ ಕಾಸ್ಟ್ ರೆಕಾರ್ಡ್ ನಿಯಮ ಇರೋದು ಸಿಮೆಂಟ್‌ನಂಥ ಗೊತ್ತುಪಡಿಸಿದ ವಲಯದ, 35 ಕೋಟಿ ವಹಿವಾಟು ದಾಟಿದ ಕಂಪನಿಗಳಿಗೆ. ನಮ್ಮ ವಾಡಿ, ಸೇಡಂ ಕಡೆ ಕಾರ್ಖಾನೆಯವರ ತಲೆನೋವು ಅದು. ನಿಮಗೆ ಒಂದು ಇನ್ನೂರು ಪುಟದ ನೋಟ್‌ಬುಕ್ ಸಾಕು.

ರೊಟ್ಟಿಮನೆ, ಕಲಬುರಗಿ:

ನಿನ್ನೆ ರಾತ್ರಿ ನಾನೇ ಕೂತು ಕೊನೇವರೆಗೆ ಹಾಕಿದೆ. ಬಂದದ್ದು: ಮೆಸ್ 48,000, ಉಳಿದದ್ದು 63,000, ಮುರುಕು 1,000. ಒಟ್ಟು 1,12,000. ತಯಾರಿಕೆ 99,800, ಮಾರಾಟದ ಖರ್ಚು ಬಾಡಿಗೆ ಸೇರಿ 9,500. ಉಳಿದದ್ದು 2,700. ಅದರಲ್ಲಿ ಬಡ್ಡಿ ಇನ್ನೂ ಕಟ್ಟಬೇಕು.

ಬೆಳಿಗ್ಗೆ ಐದಕ್ಕೆ ಎದ್ದು ನಾನು ಹಿಟ್ಟು ಅಳೆದು ಕೊಡುತ್ತೇನೆ, ಅತ್ತೆ ಸಂಜೆ ತನಕ ಒಲೆ ಮುಂದೆ ರೊಟ್ಟಿ ಒಣಗಿಸುತ್ತಾರೆ. ನಮ್ಮಿಬ್ಬರ ಕೂಲಿ ಎಲ್ಲೂ ಬರಲೇ ಇಲ್ಲ. ಅತ್ತೆಗೆ ಓದಿ ಹೇಳಿದೆ. ಏನೂ ಮಾತಾಡಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, ಆ ಕಸ ಹೊಡೆಯುವವಳಿಗೆ ಆರು ಸಾವಿರ, ನನಗೆಷ್ಟು ಅಂತ ಕೇಳಿದರು.

ಕಾಮರ್ಸ್ ಮೇಷ್ಟ್ರು:

ಕೊಡದ ಪಗಾರವನ್ನು ಪುಸ್ತಕದ ಲೆಕ್ಕದಲ್ಲಿ ಬರೆಯೋ ಹಾಗಿಲ್ಲ. ದರ ಕಟ್ಟುವಾಗ ಮಾತ್ರ ಖಂಡಿತ ಹಿಡಿಯಬೇಕು. ನಾಳೆ ಅತ್ತೆಗೆ ಹುಷಾರಿಲ್ಲ ಅಂದರೆ ಆ ಜಾಗಕ್ಕೆ ಒಬ್ಬರನ್ನು ಇಡಬೇಕಲ್ಲ, ಅವರಿಗೆಷ್ಟು ಕೊಡುತ್ತೀರೋ ಅದೇ ಅತ್ತೆಯ ಕೂಲಿ. ತಿಂಗಳಿಗೆ 8,500 ಅಂತ ಹಿಡಿದರೆ ರೊಟ್ಟಿಗೆ 50 ಪೈಸೆ ಬೀಳುತ್ತೆ. ಮೆಸ್‌ನವರಿಗೆ ಆರೂವರೆ ಕೇಳಿ.

ರೊಟ್ಟಿಮನೆ, ಕಲಬುರಗಿ:

ಕೇಳಿದೆ ಸರ್. ಇಬ್ಬರು ಒಪ್ಪಿದರು, ಒಬ್ಬರು ಬರುವ ತಿಂಗಳಿಂದ ನೋಡೋಣ ಅಂದರು.

ಇನ್ನೊಂದು ಎಡವಟ್ಟು. ಬ್ಯಾಂಕಿಗೆ ಕೊಡೋ ಮೊದಲು ಜೋಳ ತೂಕ ಹಾಕಿಸಿದೆ, ಏಪ್ರಿಲ್ 1ರಿಂದ ಹೊಸ ಚೀಲ ಮುಟ್ಟಿಯೇ ಇರಲಿಲ್ಲ, ಹಬ್ಬದ ರಜೆ. 13 ಕ್ವಿಂಟಲ್ ಅಲ್ಲ, 12 ಕ್ವಿಂಟಲ್ 60 ಕೆಜಿ ಇದೆ. ಗೋಡೆ ಕಡೆಯ ಚೀಲ ಇಲಿ ಕಡಿದಿದೆ. ಹಾಗಾದರೆ ಜೋಳದ ವೆಚ್ಚ 36,700 ಅಲ್ಲ, 38,340 ಆಗುತ್ತಾ?

ದಾಲ್‌ಮಿಲ್ ಗುಮಾಸ್ತ:

ಆಗಲ್ಲ. ಇದೇ ಈ ಸೂತ್ರದ ಮೋಸ. ಗೋದಾಮಿನಲ್ಲಿ ಇಲ್ಲದ್ದೆಲ್ಲ ಬಳಸಿದ್ದು ಅಂತ ಅದು ತಿಳಕೊಳ್ಳುತ್ತೆ. ಇಲಿ ತಿಂದರೂ, ಕಳ್ಳ ಒಯ್ದರೂ, ಅಡತಿ ತೂಕದಲ್ಲಿ ಹೊಡೆದರೂ (ಹಳೇ ಅಡತಿಯವರು ಸಿಟ್ಟಾಗಬಾರದು) ಎಲ್ಲ ರೊಟ್ಟಿ ತಲೆ ಮೇಲೆ.

ನಿಮ್ಮ ಗಿರಣಿ ಚೀಟಿ ನೋಡಿ. ಬೀಸಲು ಕೆಜಿಗೆ 4 ರೂಪಾಯಿ ಇರಬೇಕು ಅಲ್ವಾ? 3,600 ಕೊಟ್ಟಿದ್ದೀರಿ, ಅಂದರೆ ಗಿರಣಿಗೆ ಹೋದದ್ದು 900 ಕೆಜಿ. ಲೆಕ್ಕದಲ್ಲಿ ಕಮ್ಮಿ ಆದದ್ದು 940. ನಡುವಿನ 40 ಕೆಜಿ ರೊಟ್ಟಿ ಆಗಲೇ ಇಲ್ಲ. 1,640 ರೂಪಾಯಿ ಬೇರೆ ನಷ್ಟ ಅಂತ ಬರೆಯಿರಿ, 36,700 ಹಾಗೇ ಇರಲಿ.

ಹಳೇ ಅಡತಿ:

ಸಿಟ್ಟೇನಿಲ್ಲ. ತಂಗಿ, ಒಂದು ಬೆಕ್ಕು ಸಾಕು.

ರೊಟ್ಟಿಮನೆ, ಕಲಬುರಗಿ:

ಬೆಕ್ಕಿನ ಹಾಲು ಯಾವುದರಲ್ಲಿ ಬರೆಯಲಿ?

ಬಿಕಾಂ ಹುಡುಗ, ಯಾದಗಿರಿ:

ಓವರ್‌ಹೆಡ್ ಅಕ್ಕಾ. ಇಂಥ ರೊಟ್ಟಿಗೆ ಇಷ್ಟು ಹಾಲು ಅಂತ ತೋರಿಸಲಾಗದು 😄